ಮೀಟರ್ ಹೇಳಿದ್ದೆಲ್ಲ ಸತ್ಯವಲ್ಲ: ಹಳೆ ವ್ಯಾನ್ ಕೊಳ್ಳುವ ಮುನ್ನ ಒಂದಿಷ್ಟು ಎಚ್ಚರ

ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಎಂದರು ಹಿರಿಯರು. ಮುಂಬಯಿಯಲ್ಲಿ ಇದಕ್ಕೆ ಇನ್ನೊಂದು ಮಾತನ್ನು ಸೇರಿಸಬಹುದು: ಹಳೆ ಗಾಡಿ ಕೊಂಡು ನೋಡು. ಅದರಲ್ಲೂ ಮಲಗಲು ಹಾಸಿಗೆ, ಚಹಾ ಕಾಯಿಸಲು ಒಲೆ, ಬಟ್ಟೆಬರೆ ಇಡಲು ಕಪಾಟು ಜೋಡಿಸಿ, ಊರೂರು ಸುತ್ತುವ 'ಕ್ಯಾಂಪರ್ ವ್ಯಾನ್' ಮಾಡಿಕೊಳ್ಳುವ ಆಸೆಯಿಂದ ಹಳೆ ವ್ಯಾನ್ ಹುಡುಕಲು ಹೊರಟವರು ಎರಡು ಬಾರಿ ಯೋಚಿಸಬೇಕು.

ದಾದರ್ ಪೂರ್ವದಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಕ್ಯಾಂಟೀನ್ ನಡೆಸಿದ ನನ್ನ ಭಾವನವರಿಗೆ ಇಂತಹದೊಂದು ಆಸೆ ಇತ್ತು. ಟ್ರಾಮ್ ಟರ್ಮಿನಸ್‌ನಿಂದಾಗಿ ದಾದರ್ ಟಿ.ಟಿ. ಎಂದು ಹೆಸರಾದ ವೃತ್ತದ ಸುತ್ತಮುತ್ತಲೇ ಅವರ ಆಯುಷ್ಯ ಕಳೆಯಿತು. ಟ್ರಾಮ್ 1964ರಲ್ಲೇ ನಿಂತಿತು, ಹೆಸರು ಮಾತ್ರ ಉಳಿಯಿತು. 1998ರಲ್ಲಿ ಕೊಂಕಣ ರೈಲು ಪೂರ್ಣವಾಗಿ ಓಡಲಾರಂಭಿಸುವ ತನಕ ಅವರು ಊರಿಗೆ ಹೋಗುತ್ತಿದ್ದುದು ಬಸ್ಸಿನಲ್ಲೇ. ರತ್ನಾಗಿರಿ, ಕಣಕವಲಿ, ಸಾವಂತವಾಡಿ, ಕಾರವಾರ - ಎಲ್ಲವೂ ರಾತ್ರಿಯ ಕತ್ತಲಲ್ಲಿ ಕಿಟಕಿಯಾಚೆ ಸರಿದುಹೋದ ಹೆಸರುಗಳು. ನಿವೃತ್ತಿಯ ಬಳಿಕ ಹೆಂಡತಿಯನ್ನು ಕರೆದುಕೊಂಡು ಆ ದಾರಿಯನ್ನು ಹಗಲಿನಲ್ಲಿ, ನಿಧಾನವಾಗಿ, ಬೇಕೆಂದಲ್ಲಿ ನಿಂತು ನೋಡಬೇಕೆಂಬುದು ಅವರ ಬಯಕೆ. ಅಕ್ಕನಿಗೆ ಮೊಣಕಾಲು ನೋವು. ಹೋಟೆಲ್ ಮೆಟ್ಟಿಲು ಹತ್ತುವುದಕ್ಕಿಂತ ಗಾಡಿಯಲ್ಲೇ ಕಾಲು ಚಾಚುವುದು ವಾಸಿ ಎಂಬ ಲೆಕ್ಕಾಚಾರ.

ಗಾಡಿಯೂ ಸಿಕ್ಕಿತು. ಏಳು ವರ್ಷ ಹಳೆಯದು, ಮೀಟರ್‌ನಲ್ಲಿ 41,600 ಕಿ.ಮೀ. "ಡಾಕ್ಟರರ ಗಾಡಿ, ಮನೆಯಿಂದ ದವಾಖಾನೆಗೆ ಮಾತ್ರ ಓಡಿದ್ದು" ಎಂದರು ಏಜೆಂಟರು. ಭಾವ 20,000 ರೂಪಾಯಿ ಟೋಕನ್ ಕೊಟ್ಟೇಬಿಟ್ಟರು. ಮರುದಿನ ನಮ್ಮವರೇ ಆದ ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ಹೋದೆವು. ಅವರು ಮೀಟರ್ ಕಡೆ ತಿರುಗಿಯೂ ನೋಡಲಿಲ್ಲ. ಚಾಲಕನ ಬಾಗಿಲು ತೆರೆದು ಕಂಬದ ಒಳಬದಿಗೆ ಟಾರ್ಚ್ ಹಾಕಿದರು. ಅಲ್ಲಿ ಅರ್ಧ ಹರಿದ ಚೀಟಿಯೊಂದು ಅಂಟಿಕೊಂಡಿತ್ತು. ಮುಂದಿನ ಆಯಿಲ್ ಬದಲಾವಣೆ: 1,18,500 ಕಿ.ಮೀ.

"ಭಾವ, ಟೋಕನ್ ಹೋದರೆ ಹೋಗಲಿ, ಬಿಟ್ಟುಬಿಡಿ" ಎಂದೆ. ಟೋಕನ್ ಹಣ ಹಿಂದೆ ಬರಲಿಲ್ಲ. ಆದರೆ ಅದಕ್ಕಿಂತ ದೊಡ್ಡ ನಷ್ಟ ತಪ್ಪಿತು. ಆ ದಿನ ಕಲಿತದ್ದನ್ನು ಸಂಘದ ಬಂಧುಗಳೊಂದಿಗೆ ಹಂಚಿಕೊಳ್ಳುವುದೇ ಈ ಬರಹದ ಉದ್ದೇಶ.

ಎರಡು ಅರ್ಥದ 'ಮೈಲೇಜ್'

ನಮ್ಮಲ್ಲಿ ಮೈಲೇಜ್ ಎಂದರೆ ಲೀಟರಿಗೆ ಎಷ್ಟು ಕಿ.ಮೀ. ಎಂಬುದೇ ಮೊದಲು ಮನಸ್ಸಿಗೆ ಬರುವ ಅರ್ಥ. ಹಳೆ ಗಾಡಿ ಕೊಳ್ಳುವಾಗ ಅದಕ್ಕಿಂತ ಮುಖ್ಯವಾದದ್ದು ಗಾಡಿ ಈತನಕ ಒಟ್ಟು ಎಷ್ಟು ಓಡಿದೆ ಎಂಬುದು. ಹಿಂದಿನ ಮೀಟರ್‌ಗಳು ಕೇಬಲ್ಲಿನಿಂದ ತಿರುಗುತ್ತಿದ್ದವು. ಕೇಬಲ್ ಕಳಚಿದರೆ ಲೆಕ್ಕ ನಿಲ್ಲುತ್ತಿತ್ತು. ಐದಂಕಿಯ ಮೀಟರ್ 99,999 ದಾಟಿದರೆ ಮತ್ತೆ ಸೊನ್ನೆಗೆ ಬರುತ್ತಿತ್ತು. ಈಗಿನ ಡಿಜಿಟಲ್ ಮೀಟರ್ ತಿದ್ದಲಾಗದು ಎಂಬ ನಂಬಿಕೆ ಹಲವರಲ್ಲಿದೆ. ಅದು ತಪ್ಪು. ಸೂಕ್ತ ಉಪಕರಣ ಇದ್ದವರಿಗೆ ಅದು ಅಲ್ಪ ಹೊತ್ತಿನ ಕೆಲಸ.

ಮೋಸ ಬೆಲೆಯಲ್ಲಿ ಮಾತ್ರ ಅಲ್ಲ. ಟೈಮಿಂಗ್ ಬೆಲ್ಟ್, ಬ್ರೇಕ್, ಗೇರ್ ಆಯಿಲ್ - ಇವನ್ನೆಲ್ಲ ಬದಲಾಯಿಸುವುದು ಓಡಿದ ಕಿ.ಮೀ. ನೋಡಿ. ಲಕ್ಷ ದಾಟಿದ ಗಾಡಿ ನಲುವತ್ತು ಸಾವಿರ ಎಂದು ಹೇಳಿದರೆ, ಬದಲಾಯಿಸಬೇಕಾದದ್ದನ್ನು ನಾವು ಬದಲಾಯಿಸುವುದಿಲ್ಲ. ಅದು ಕೈಕೊಡುವುದು ದಾದರ್ ಸೇತುವೆಯ ಕೆಳಗಲ್ಲ, ಕಶೇಡಿ ಘಾಟಿಯ ತಿರುವಿನಲ್ಲಿ, ಹಿಂದೆ ಮನೆಮಂದಿ ಮಲಗಿರುವಾಗ.

ಗಾಡಿಯ ಕಸುಬು ಕೇಳಿ

ಗಾಡಿಯ ವಯಸ್ಸಿನ ಜೊತೆಗೆ ಅದು ಏನು ಕೆಲಸ ಮಾಡಿತ್ತು ಎಂದು ಕೇಳುವುದು ಮುಖ್ಯ. ಮನೆ ಬಳಕೆಯ ವ್ಯಾನ್ ವರ್ಷಕ್ಕೆ ಎರಡು ಬಾರಿ ಮಂಗಳೂರಿಗೆ ಹೋಗಿ ಬಂದರೂ ಸುಮಾರು 3,600 ಕಿ.ಮೀ. ದಿನಕ್ಕೆ 15 ಕಿ.ಮೀ. ಪೇಟೆ ಓಡಾಟ ಸೇರಿಸಿದರೆ ಒಟ್ಟು ಒಂಬತ್ತು ಸಾವಿರ. ಅದೇ ಗಾಡಿ ಬಾಡಿಗೆಗೆ ಮುಂಬಯಿ - ಪುಣೆ ನಡುವೆ ಓಡಿದ್ದರೆ? ಹೋಗಿ ಬರಲು 300 ಕಿ.ಮೀ., ತಿಂಗಳಿಗೆ 20 ಟ್ರಿಪ್ ಎಂದರೆ 6,000. ವರ್ಷಕ್ಕೆ 72,000. ಮೂರೇ ವರ್ಷದಲ್ಲಿ ಎರಡು ಲಕ್ಷ ದಾಟುತ್ತದೆ.

ಶಾಲೆ ಮಕ್ಕಳ ವ್ಯಾನ್ ಇನ್ನೊಂದು ಬಗೆ. ದಿನಕ್ಕೆ 40 ಕಿ.ಮೀ., ವರ್ಷಕ್ಕೆ 220 ದಿನ ಎಂದರೂ 8,800 ಮಾತ್ರ. ಮೀಟರ್ ಕಡಿಮೆ ತೋರಿಸುವುದು ನಿಜವೇ ಇರಬಹುದು. ಆದರೆ ಹತ್ತು ಹೆಜ್ಜೆಗೊಮ್ಮೆ ನಿಂತು ಹೊರಟು ಕ್ಲಚ್, ಬಾಗಿಲು, ಬ್ರೇಕ್ ಸವೆದಿರುತ್ತವೆ. ಮುಂಬಯಿಯ ಟ್ರಾಫಿಕ್ಕಿನಲ್ಲಿ ಗಂಟೆಗೆ 15 ಕಿ.ಮೀ. ವೇಗದಲ್ಲಿ 60,000 ಕಿ.ಮೀ. ಓಡಿದ ಎಂಜಿನ್ 4,000 ಗಂಟೆ ದುಡಿದಿರುತ್ತದೆ. ಹೆದ್ದಾರಿಯಲ್ಲಿ ಗಂಟೆಗೆ 50ರಂತೆ ಅಷ್ಟೇ ದೂರ ಓಡಿದ್ದಕ್ಕೆ 1,200 ಗಂಟೆ ಸಾಕು. ಮೀಟರ್ ಎರಡಕ್ಕೂ ಒಂದೇ ಸಂಖ್ಯೆ ತೋರಿಸುತ್ತದೆ.

ಬಾಡಿಗೆ ಗಾಡಿಯನ್ನು ಖಾಸಗಿಯಾಗಿ ಬದಲಾಯಿಸಿ ಮಾರುವುದು ಕಾನೂನುಬದ್ಧವೇ. ಆದರೆ ಅದನ್ನು ಮುಚ್ಚಿಡುವುದು ಸರಿಯಲ್ಲ. ಸ್ಪೀಡ್ ಗವರ್ನರ್ ತೆಗೆದ ತಂತಿ, ಛಾವಣಿಯಲ್ಲಿ ಕ್ಯಾರಿಯರ್ ಕೂರಿಸಿದ ತೂತು, ಹೊಸದಾಗಿ ಹೊಲಿಸಿದ ಸೀಟ್ ಕವರ್ ಕಂಡರೆ ವಿಚಾರಿಸಿ.

ಸಾಕ್ಷಿ ಹೇಳುವ ಭಾಗಗಳು

ಬೆಳ್ಳಗಿರುವುದೆಲ್ಲ ಹಾಲಲ್ಲ. ಪಾಲಿಶ್ ಹೊಳಪನ್ನು ಬಿಟ್ಟು ಇವನ್ನು ನೋಡಿ:

ಪೆಡಲ್ ರಬ್ಬರ್, ಸ್ಟಿಯರಿಂಗ್, ಗೇರ್ ಗುಂಡು, ಚಾಲಕನ ಸೀಟಿನ ಅಂಚು. ನಲುವತ್ತು ಸಾವಿರ ಓಡಿದ ಗಾಡಿಯಲ್ಲಿ ಕ್ಲಚ್ ಪೆಡಲಿನ ಗೀರುಗಳು ನುಣುಪಾಗಿ ಅಳಿಸಿಹೋಗಿದ್ದರೆ ಸಂಶಯಪಡಬೇಕು. ಹಳೆ ಗಾಡಿಯಲ್ಲಿ ಪೆಡಲ್ ರಬ್ಬರ್ ಮಾತ್ರ ಹೊಚ್ಚ ಹೊಸದಾಗಿದ್ದರೂ ಸಂಶಯಪಡಬೇಕು.

ಟಯರ್. ಅದರ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಸ್ಟೆಪ್ನಿ ಸೇರಿ ಐದೂ ಟಯರ್‌ಗಳ ಅಂಕಿಯನ್ನು ಬರೆದುಕೊಳ್ಳಿ. 2018ರ ಗಾಡಿ 30,000 ಮಾತ್ರ ಓಡಿದ್ದರೆ ನಾಲ್ಕು ಟಯರ್ 2021ರಲ್ಲೇ ಬದಲಾದದ್ದೇಕೆ ಎಂದು ಕೇಳಬಹುದು.

ಜಾರುವ ಬಾಗಿಲು. ಓಮ್ನಿ, ಈಕೋದಂತಹ ವ್ಯಾನ್‌ಗಳಲ್ಲಿ ಬಾಗಿಲಿನ ರೋಲರ್ ಮತ್ತು ಹಳಿ ಸವೆದು ಬಾಗಿಲು ಜೋಲುತ್ತಿದ್ದರೆ, ಅದು ಸಾವಿರಾರು ಬಾರಿ ತೆರೆದುಮುಚ್ಚಿದ ಗುರುತು.

ಎಂಜಿನ್. ಬೆಳಗ್ಗೆ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ. ಮೊದಲೇ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬನ್ನಿ. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ ಎಂದರ್ಥ. ಮೆಕ್ಯಾನಿಕ್‌ನಿಂದ ಕಂಪ್ರೆಶನ್ ಪರೀಕ್ಷೆ ಮಾಡಿಸುವುದು ಉತ್ತಮ.

ಕಾಗದಪತ್ರಗಳ ಮಾತು

ಕಂಪೆನಿ ಸರ್ವಿಸ್ ಸೆಂಟರ್‌ನಲ್ಲಿ ಪ್ರತಿ ಸರ್ವಿಸಿನ ದಿನಾಂಕ ಮತ್ತು ಕಿ.ಮೀ. ದಾಖಲಾಗಿರುತ್ತದೆ. ಮಾಲಕರನ್ನೇ ಜೊತೆಗೆ ಕರೆದೊಯ್ದು ಅದನ್ನು ನೋಡಿ. ಸರ್ವಿಸ್ ಪುಸ್ತಕ ಕಳೆದುಹೋಗಿದೆ ಎನ್ನುವವರೂ ಇದಕ್ಕೆ ಒಪ್ಪಬೇಕು. ಒಪ್ಪದಿದ್ದರೆ ಅದೇ ಉತ್ತರ. 2021ರ ಫೆಬ್ರವರಿಯಿಂದ ಫಾಸ್ಟ್ಯಾಗ್ ಕಡ್ಡಾಯವಾಗಿದೆ. ಮಾಲಕರ ಫಾಸ್ಟ್ಯಾಗ್ ವಿವರ ನೋಡಿದರೆ ದವಾಖಾನೆಗೆ ಮಾತ್ರ ಓಡಿದ ಗಾಡಿ ತಿಂಗಳಿಗೆ ಎಷ್ಟು ಬಾರಿ ಟೋಲ್ ದಾಟಿದೆ ಎಂದು ತಿಳಿಯುತ್ತದೆ. ಸರಕಾರದ ವಾಹನ್ ದಾಖಲೆಯಲ್ಲಿ ನೋಂದಣಿ ದಿನಾಂಕ, ಎಷ್ಟನೇ ಮಾಲಕರು, ಸಾಲ ಬಾಕಿ ಇದೆಯೇ ಎಂಬುದನ್ನು ನೋಡಿ, ಚಾಸಿಸ್ ಸಂಖ್ಯೆಯನ್ನು ಗಾಡಿಯ ಮೇಲಿನದಕ್ಕೆ ತಾಳೆ ಹಾಕಿ.

ಬ್ರಿಟನ್‌ನಲ್ಲಿ ವಾಹನ ತಪಾಸಣೆಯ ವೇಳೆ ಮೀಟರ್ ಸಂಖ್ಯೆ ದಾಖಲಾಗುತ್ತದೆ, ಅದನ್ನು ಯಾರೂ ನೋಡಬಹುದು. ಬೆಲ್ಜಿಯಂನಲ್ಲಿ 2006ರಿಂದ ಹಳೆ ಕಾರು ಮಾರುವಾಗ ಕಿ.ಮೀ. ಇತಿಹಾಸದ ಪತ್ರ ಕೊಡಲೇಬೇಕು. ನಮ್ಮಲ್ಲಿ 2022ರ ಡಿಸೆಂಬರ್‌ನಲ್ಲಿ ಹಳೆ ವಾಹನಗಳ ಡೀಲರ್‌ಗಳಿಗೆ ಅಧಿಕೃತ ನೋಂದಣಿಯ ನಿಯಮ ಪ್ರಕಟವಾಗಿ 2023ರ ಎಪ್ರಿಲ್‌ನಿಂದ ಜಾರಿಗೆ ಬಂತು. ಅಂತಹ ಡೀಲರ್ ತನ್ನ ವಶದಲ್ಲಿರುವ ಗಾಡಿಯ ಓಡಾಟದ ಲೆಕ್ಕ ಇಡಬೇಕು. ಆದ್ದರಿಂದ ಡೀಲರ್ ಬಳಿ ನೋಂದಣಿ ಪತ್ರ ಕೇಳಲು ಸಂಕೋಚ ಬೇಡ. ಒಪ್ಪಂದದಲ್ಲಿ ಮೀಟರ್ ಸಂಖ್ಯೆಯನ್ನು ಬರೆಸಿ ಸಹಿ ಹಾಕಿಸಿ. ಮುಂದೆ ಗ್ರಾಹಕರ ವೇದಿಕೆಗೆ ಹೋಗಬೇಕಾದರೆ ಅದು ಆಧಾರವಾಗುತ್ತದೆ.

ಹಾಸಿಗೆ ಜೋಡಿಸುವ ಮುನ್ನ

ಕ್ಯಾಂಪರ್ ಮಾಡುವವರಿಗೆ ಎಂಜಿನ್‌ಗಿಂತ ತಗಡು ಮುಖ್ಯ. ಎಂಜಿನ್ ರಿಪೇರಿ ಮಾಡಬಹುದು, ತುಕ್ಕು ಹಿಡಿದ ಚಾಸಿಸ್ ಮೇಲೆ ಮಂಚ, ಬ್ಯಾಟರಿ, ನೀರಿನ ಟ್ಯಾಂಕ್ ಹೇರಲಾಗದು. 50 ಲೀಟರ್ ನೀರೆಂದರೆ 50 ಕಿಲೋ ಭಾರ. ಮುಂಬಯಿಯ ಉಪ್ಪುಗಾಳಿ, ಕೊಂಕಣದ ಮಳೆ ಎರಡನ್ನೂ ಕಂಡ ಗಾಡಿಯನ್ನು ಲಿಫ್ಟ್ ಮೇಲೆ ಏರಿಸಿ ಅಡಿಭಾಗ ನೋಡಲೇಬೇಕು. ಕಡಿಮೆ ಓಡಿದೆ ಎಂದು ನಾಲ್ಕು ಮಳೆಗಾಲ ಮರದಡಿ ನಿಂತ ಗಾಡಿಗಿಂತ, ಲಕ್ಷ ದಾಟಿಯೂ ಸಮಯಕ್ಕೆ ಸರಿಯಾಗಿ ಸರ್ವಿಸ್ ಆದ ಗಾಡಿ ಮೇಲು.

ಇನ್ನು ಕಾನೂನಿನ ವಿಚಾರ. ನೋಂದಣಿ ಪತ್ರದಲ್ಲಿರುವ ಸ್ವರೂಪವನ್ನು ಮನಬಂದಂತೆ ಬದಲಾಯಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ತೀರ್ಪು ನೀಡಿದೆ. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸಜೆಗೂ ಅವಕಾಶ ಇದೆ. ಸೀಟು ತೆಗೆದು ಮಂಚ ಕೂರಿಸುವ, ಛಾವಣಿ ಕತ್ತರಿಸುವ ಮುನ್ನ ಆರ್‌ಟಿಒ ಬಳಿ ಲಿಖಿತವಾಗಿ ವಿಚಾರಿಸಿ. ಊರಿನಿಂದ ಕೆಎ ನಂಬರಿನ ಗಾಡಿ ತರುವವರು ಎನ್‌ಒಸಿ ಪಡೆಯಬೇಕು. ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಳ್ಳುವುದಾದರೆ ಮಹಾರಾಷ್ಟ್ರದ ನೋಂದಣಿ ಮಾಡಿಸಲೇಬೇಕು.

ಭಾವ ಕೊನೆಗೆ ಕೊಂಡದ್ದು ಮೀಟರ್‌ನಲ್ಲಿ 1,36,000 ಇದ್ದ ಗಾಡಿಯನ್ನು. ಒಬ್ಬರೇ ಮಾಲಕರು, ಫೈಲ್ ತುಂಬಾ ಸರ್ವಿಸ್ ಬಿಲ್ಲುಗಳು, ಅಡಿಯಲ್ಲಿ ತುಕ್ಕಿಲ್ಲ. ಅಷ್ಟು ಓಡಿದ್ದನ್ನು ಯಾಕೆ ಕೊಂಡಿರಿ ಎಂದು ನೆರೆಯವರು ಕೇಳಿದರು. "ಇದು ಎಷ್ಟು ಓಡಿದೆ ಅಂತ ನನಗೆ ಗೊತ್ತಿದೆಯಲ್ಲ" ಎಂದರು ಭಾವ. ಕಳೆದ ಚಳಿಗಾಲದಲ್ಲಿ ಗಣಪತಿಪುಳೆ, ಗೋಕರ್ಣದಲ್ಲಿ ತಂಗುತ್ತಾ ಉಡುಪಿ ತಲುಪಲು ಅವರಿಗೆ ಎಂಟು ದಿನ ಹಿಡಿಯಿತು. ಅಕ್ಕ ದಾರಿಯುದ್ದಕ್ಕೂ ಹಗಲಿನಲ್ಲಿ ಸಮುದ್ರ ನೋಡಿದರು.

ನಮ್ಮ ಸಂಘ-ಸಂಸ್ಥೆಗಳಲ್ಲಿ ಗ್ಯಾರೇಜ್ ನಡೆಸುವವರು, ಆರ್‌ಟಿಒ ಕೆಲಸ ಬಲ್ಲವರು ಸಾಕಷ್ಟು ಮಂದಿ ಇದ್ದಾರೆ. ಆರೋಗ್ಯ ಶಿಬಿರ, ತೆರಿಗೆ ಮಾಹಿತಿ ಶಿಬಿರಗಳಂತೆ ವರ್ಷಕ್ಕೊಂದು ಭಾನುವಾರ ಹಳೆ ವಾಹನ ಮಾಹಿತಿ ಶಿಬಿರವನ್ನೂ ಏರ್ಪಡಿಸಬಹುದು. ಅಲ್ಲಿಯ ತನಕ ಒಂದು ವಿನಂತಿ: ಟೋಕನ್ ಕೊಡುವ ಮುನ್ನ ಮೆಕ್ಯಾನಿಕ್‌ನನ್ನು ಕರೆದುಕೊಂಡು ಹೋಗಿ, ಕೊಟ್ಟ ಮೇಲೆ ಅಲ್ಲ.