ಒಂದೇ ತೋಟ, ಮೂರು ಬೆಳೆ: ಫಾರ್ಮ್‌ಗೆ ಇನ್ನೊಂದು ಬಾಕ್ಸ್ ಸೇರಿಸೋದು ಹೇಗೆ?

ವೆಬ್ ಡೆವಲಪ್‌ಮೆಂಟ್ ಕಲೀತಿರೋರು ಪದೇ ಪದೇ ಎದುರಿಸೋ ಪ್ರಶ್ನೆ ಇದು: ಡೇಟಾಬೇಸ್‌ನಿಂದ ತಾನಾಗೇ ತಯಾರಾದ ಫಾರ್ಮ್‌ಗೆ ಹೆಚ್ಚುವರಿ ಬಾಕ್ಸ್ ಸೇರಿಸೋದು ಹೇಗೆ? ಉದಾಹರಣೆಗೆ ನಾನು ಶಿಕಾರಿಪುರ, ಸೊರಬದ ಹೊಲ-ತೋಟಗಳನ್ನೇ ತಗೋತೀನಿ.

ಪಹಣಿ ನಿಮಗೆ ಗೊತ್ತೇ ಇದೆ. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆಯಡಿ ರಾಜ್ಯದ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರ್ ಸೇರಿದವು. 2020ರ ಮುಂಗಾರಿನಲ್ಲಿ ರೈತರೇ ಮೊಬೈಲ್ ಆ್ಯಪ್‌ನಲ್ಲಿ ತಮ್ಮ ಬೆಳೆ ದಾಖಲಿಸೋ ಅವಕಾಶ ಬಂತು. ಬೆಂಬಲ ಬೆಲೆ, ಬೆಳೆ ವಿಮೆ, ಬೆಳೆ ಹಾನಿ ಪರಿಹಾರಕ್ಕೆ ಈ ಸಮೀಕ್ಷೆಯ ಮಾಹಿತಿ ನೋಡ್ತಾರೆ. ಬೆಳೆ ಹೊಲದಲ್ಲಿದ್ದು ದಾಖಲೆಯಲ್ಲಿ ಇಲ್ಲ ಅಂದ್ರೆ ರೈತನಿಗೆ ಬರಬೇಕಾದ ದುಡ್ಡಿಗೇ ತೊಡಕು.

ಅಂಥದ್ದೇ ಫಾರ್ಮ್ ಒಂದನ್ನು ನಾವು ಜಾಂಗೋದಲ್ಲಿ ಮಾಡ್ತೀವಿ ಅಂತ ಇಟ್ಕೊಳ್ಳಿ. ಟೇಬಲ್‌ನಲ್ಲಿ ಗ್ರಾಮ, ಸರ್ವೆ ನಂಬರ್, ಹಿಸ್ಸಾ, ಬೆಳೆ, ವಿಸ್ತೀರ್ಣ. ಮಾಡೆಲ್‌ಫಾರ್ಮ್ ಬಳಸಿದ್ರೆ ಕಾಲಂಗೊಂದು ಬಾಕ್ಸ್ ತಾನಾಗೇ ಬರುತ್ತೆ. ಶಿಕಾರಿಪುರದ ಕಡೆ ಹೊಲಪೂರ್ತಿ ಮೆಕ್ಕೆಜೋಳ ಹಾಕಿದವರಿಗೆ ಇಷ್ಟು ಸಾಕು. ಆದ್ರೆ ಸೊರಬದ ಅಡಿಕೆ ತೋಟ ನೋಡಿ: ಮರಕ್ಕೆ ಕಾಳುಮೆಣಸಿನ ಬಳ್ಳಿ, ಸಾಲಿನ ಮಧ್ಯೆ ಬಾಳೆ. ಬೆಳೆ ಮೂರು, ಬಾಕ್ಸ್ ಒಂದೇ.

ತಕ್ಷಣ ಹೊಳೆಯೋ ಉಪಾಯ ಬೆಳೆ1, ಬೆಳೆ2, ಬೆಳೆ3 ಅಂತ ಕಾಲಂ ಹಾಕೋದು. ಬೇಡ ಅಂತೀನಿ. ನಾಲ್ಕನೇ ಬೆಳೆ ಬಂದ್ರೆ ಮತ್ತೆ ಟೇಬಲ್ ಬದಲಿಸ್ಬೇಕು. ಕಾಳುಮೆಣಸು ಒಟ್ಟು ಎಷ್ಟಿದೆ ಅಂತ ತಿಳಿಯೋಕೆ ಎಲ್ಲ ಕಾಲಂ ಜಾಲಾಡ್ಬೇಕು. ಬದಲಿಗೆ ಬೆಳೆಗೇ ಬೇರೆ ಟೇಬಲ್ ಮಾಡಿ: ಒಂದು ಬೆಳೆಗೆ ಒಂದು ಸಾಲು, ಪ್ರತಿ ಸಾಲಿನಲ್ಲೂ ಜಮೀನಿನ ಐಡಿ. ಇದಕ್ಕೆ ಜಾಂಗೋದಲ್ಲಿ ಇನ್‌ಲೈನ್ ಫಾರ್ಮ್‌ಸೆಟ್ ಇದೆ. ನೀವೇನೂ ಹೇಳದಿದ್ರೆ ಅದು 3 ಖಾಲಿ ಸಾಲು ಕೊಡುತ್ತೆ. ‘ಎಕ್ಸ್‌ಟ್ರಾ’ ಬದಲಿಸಿದ್ರೆ ಸಂಖ್ಯೆ ಬದಲಾಗುತ್ತೆ.

‘ಇನ್ನೊಂದು ಬೆಳೆ ಸೇರಿಸಿ’ ಬಟನ್ ಬೇಕಾದ್ರೆ ಜಾವಾಸ್ಕ್ರಿಪ್ಟ್‌ನಿಂದ ಖಾಲಿ ಸಾಲು ನಕಲು ಮಾಡ್ಬೇಕು. ಇಲ್ಲೊಂದು ಎಚ್ಚರಿಕೆ. ಫಾರ್ಮ್‌ಸೆಟ್‌ನೊಳಗೆ ‘ಟೋಟಲ್ ಫಾರ್ಮ್ಸ್’ ಅನ್ನೋ ಕಣ್ಣಿಗೆ ಕಾಣದ ಬಾಕ್ಸ್ ಇರುತ್ತೆ. ಸಾಲು ಹೆಚ್ಚಾದಾಗ ಅದರ ಸಂಖ್ಯೆಯನ್ನೂ ಹೆಚ್ಚಿಸ್ಲೇಬೇಕು, ಸಾಲಿನ ಕ್ರಮಸಂಖ್ಯೆಯನ್ನೂ ಬದಲಿಸ್ಬೇಕು. ಇಲ್ಲದಿದ್ರೆ ರೈತ ತುಂಬಿದ ಕಾಳುಮೆಣಸನ್ನು ಸರ್ವರ್ ಓದೋದೇ ಇಲ್ಲ. ಎರರ್ ಕೂಡ ಬರಲ್ಲ!

ಇನ್ನೊಂದು ಬಗೆಯ ಬಾಕ್ಸ್ ಇದೆ: ಪರದೆ ಮೇಲೆ ಬೇಕು, ಟೇಬಲ್‌ನಲ್ಲಿ ಬೇಡ. ನಮ್ಮವರು ವಿಸ್ತೀರ್ಣ ಹೇಳೋದು ಎಕರೆ-ಗುಂಟೆಯಲ್ಲಿ. ಹಾಗಾಗಿ ಎಕರೆಗೊಂದು, ಗುಂಟೆಗೊಂದು ಬಾಕ್ಸ್ ಕೊಡಿ. ಉಳಿಸೋದು ಗುಂಟೆ ಮಾತ್ರ. 40 ಗುಂಟೆಗೆ 1 ಎಕರೆ, ಅಂದ್ರೆ 1 ಎಕರೆ 20 ಗುಂಟೆ ಟೇಬಲ್‌ಗೆ 60 ಆಗಿ ಹೋಗುತ್ತೆ. ಮಾಡೆಲ್‌ನಲ್ಲಿ ಇಲ್ಲದ ಬಾಕ್ಸನ್ನು ಜಾಂಗೋ ತೋರಿಸುತ್ತೆ, ತಾನಾಗೇ ಉಳಿಸಲ್ಲ. ಈ ಲೆಕ್ಕವನ್ನು ಸೇವ್ ಮಾಡೋ ಮುಂಚೆ ನೀವೇ ಬರೀಬೇಕು.

ಕೊನೇದಾಗಿ, ಎಲ್ಲ ಬೆಳೆಗಳ ವಿಸ್ತೀರ್ಣ ಕೂಡಿದ್ರೆ ಜಮೀನಿಗಿಂತ ಜಾಸ್ತಿ ಆಗಬಾರದು ಅಂತ ಕಣ್ಮುಚ್ಚಿ ನಿಯಮ ಹಾಕ್ಬೇಡಿ. ಅಡಿಕೆ, ಮೆಣಸು ಎರಡೂ ಅದೇ ಎಕರೆಯಲ್ಲಿರುತ್ತೆ. ಹೊಸ ಬಾಕ್ಸ್ ಹಾಕೋ ಮುಂಚೆ ಕೇಳ್ಕೊಳ್ಳಿ: ಇದು ಹೊಸ ಸಾಲಾ, ಹೊಸ ಕಾಲಮ್ಮಾ, ಬರೀ ತುಂಬೋರ ಅನುಕೂಲಕ್ಕಾ? ಉತ್ತರ ಸಿಕ್ಕಿದ ಮೇಲೆ ಕೋಡ್ ಬರೆಯೋದು ಸುಲಭ. ಮುಂದಿನ ಸಂಚಿಕೆಯಲ್ಲಿ ಸಿಗೋಣ.