28 ದಿನ ಕಾಯುವ ಓದು

ಬಿ.ಇ. ಮುಗಿಸಿದ ಮಗ ಕೆಲಸಕ್ಕೆ ಸೇರಿದರೆ ನೆಂಟರಿಷ್ಟರಿಗೆ ಹೇಳುವುದು ಸುಲಭ. ಕಂಪನಿಯ ಹೆಸರು, ಸಂಬಳ, ಊರು. ಮೂರು ಮಾತಿನಲ್ಲಿ ಮುಗಿಯುತ್ತದೆ. ಆದರೆ ‘ಎಂ.ಟೆಕ್. ಓದುತ್ತಿದ್ದಾನೆ’, ‘ಪಿಎಚ್.ಡಿ. ಮಾಡುತ್ತಿದ್ದಾಳೆ’ ಎಂದಾಗ ಕೇಳಿದವರು ‘ಓಹೋ’ ಎಂದು ಸುಮ್ಮನಾಗುತ್ತಾರೆ. ಸ್ವಲ್ಪ ಸಲಿಗೆಯವರಾದರೆ ‘ಇನ್ನೂ ಓದೋದು ಮುಗಿದಿಲ್ವೇ?’ ಎಂದೂ ಕೇಳಿಬಿಡುತ್ತಾರೆ. ಹೆತ್ತವರ ಪಾಡೂ ಅಷ್ಟೇ. ಮಕ್ಕಳು ಬೆಳಗಿನಿಂದ ರಾತ್ರಿಯವರೆಗೆ ಅಲ್ಲಿ ಏನು ಮಾಡುತ್ತಾರೆಂಬುದು ಅವರಿಗೂ ಸ್ಪಷ್ಟವಿರುವುದಿಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಹೇಳುತ್ತ ತಲೆ ನರೆತ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಈ ದಾರಿ ಹಿಡಿದಿದ್ದಾರೆ. ರಜೆಗೆ ಊರಿಗೆ ಬಂದಾಗ ಅವರು ಹೇಳಿದ್ದನ್ನೂ, ಅವರಿದ್ದಲ್ಲಿಗೆ ಹೋಗಿ ನಾನು ಕಂಡದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಈ ಓದು ನಮ್ಮ ನಾಡಿಗೆ ಹೊಸದಲ್ಲ. ಮೈಸೂರು ಸಂಸ್ಥಾನ ಕೊಟ್ಟ 371 ಎಕರೆ ಜಾಗದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ 1909ರಲ್ಲಿ ಸ್ಥಾಪನೆಯಾಗಿ, 1911ರಲ್ಲಿ ವಿದ್ಯಾರ್ಥಿಗಳನ್ನು ಸೇರಿಸಿಕೊಂಡಿತು. ಬೆಂಗಳೂರಿನ ಜನ ಅದನ್ನು ಇಂದಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದೇ ಕರೆಯುತ್ತಾರೆ. 1960ರಲ್ಲಿ ಆರಂಭವಾದ ಸುರತ್ಕಲ್‌ನ ಕೆ.ಆರ್.ಇ.ಸಿ. 2002ರಲ್ಲಿ ಎನ್.ಐ.ಟಿ. ಆಯಿತು. ಇವಲ್ಲದೆ ರಾಜ್ಯದ ಹಲವು ಎಂಜಿನಿಯರಿಂಗ್ ಕಾಲೇಜುಗಳಲ್ಲೂ ಎಂ.ಟೆಕ್. ಮತ್ತು ಸಂಶೋಧನೆಗೆ ಅವಕಾಶವಿದೆ.

ಇದು ಬಿ.ಇ.ಯ ಐದನೇ ವರ್ಷವಲ್ಲ ಎಂಬುದನ್ನು ಮೊದಲು ತಿಳಿಯಬೇಕು. ಬಿ.ಇ.ಯಲ್ಲಿ ಪ್ರಶ್ನೆಯೂ ಇರುತ್ತದೆ, ಪುಸ್ತಕದ ಕೊನೆಯಲ್ಲಿ ಉತ್ತರವೂ ಇರುತ್ತದೆ. ಎಂ.ಟೆಕ್.ನ ಮೊದಲ ವರ್ಷ ಬಹುಮಟ್ಟಿಗೆ ಪಾಠ, ಅಸೈನ್‌ಮೆಂಟು, ಪರೀಕ್ಷೆಗಳಲ್ಲೇ ಕಳೆಯುತ್ತದೆ. ಎರಡನೇ ವರ್ಷದ ಪ್ರಾಜೆಕ್ಟಿಗೆ ಬಂದಾಗ ಉತ್ತರದ ಪುಟ ಕಾಣೆಯಾಗಿರುತ್ತದೆ. ಪಿಎಚ್.ಡಿ.ಯಲ್ಲಿ ಪ್ರಶ್ನೆಯನ್ನೂ ತಾನೇ ಹುಡುಕಿಕೊಳ್ಳಬೇಕು. ಇದರ ಜೊತೆಗೆ ಸ್ಟೈಪೆಂಡ್ ಪಡೆಯುವವರು ಕಿರಿಯರ ಲ್ಯಾಬ್ ನೋಡಿಕೊಳ್ಳುವುದು, ಉತ್ತರ ಪತ್ರಿಕೆ ತಿದ್ದುವುದು ಮುಂತಾದ ಕೆಲಸಗಳನ್ನೂ ವಾರಕ್ಕೆ ಕೆಲವು ಗಂಟೆ ಮಾಡಬೇಕಾಗುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. ನನ್ನ ವಿದ್ಯಾರ್ಥಿನಿಯೊಬ್ಬಳು ಸಿವಿಲ್ ವಿಭಾಗದಲ್ಲಿ ಕಾಂಕ್ರೀಟಿನ ಮೇಲೆ ಪಿಎಚ್.ಡಿ. ಮಾಡುತ್ತಿದ್ದಳು. ಸಿಮೆಂಟು ತಯಾರಿಸಲು ಸುಣ್ಣಕಲ್ಲನ್ನು ಸುಡುತ್ತಾರೆ. ಆಗ ಇಂಗಾಲದ ಡೈ ಆಕ್ಸೈಡ್ ಹೊರಬರುತ್ತದೆ. ಹತ್ತನೇ ತರಗತಿಯ ಸಮೀಕರಣವನ್ನೇ ನೆನಪಿಸಿಕೊಳ್ಳಿ, 100 ಗ್ರಾಂ ಶುದ್ಧ ಸುಣ್ಣಕಲ್ಲಿನಿಂದ 44 ಗ್ರಾಂ ಅನಿಲ! ಆದ್ದರಿಂದ ಸಿಮೆಂಟಿನ ಒಂದು ಪಾಲನ್ನು ತೆಗೆದು, ಅದರ ಬದಲು ರಾಯಚೂರಿನಂಥ ಶಾಖೋತ್ಪನ್ನ ವಿದ್ಯುತ್ ಸ್ಥಾವರಗಳ ಹಾರುಬೂದಿ ಬೆರೆಸಬಹುದೇ, ಎಷ್ಟು ಬೆರೆಸಬಹುದು ಎಂಬುದು ಅವಳ ಪ್ರಶ್ನೆ.

ಕೇಳಲು ಸರಳ. ಮಾಡುವುದು ಹೇಗೆ? ಕಾಂಕ್ರೀಟು ಕಲಸಿ 15 ಸೆಂಟಿಮೀಟರಿನ ಘನಾಕೃತಿಯ ಅಚ್ಚುಗಳಿಗೆ ತುಂಬಬೇಕು. ಮಾರನೆಯ ದಿನ ಅಚ್ಚು ಬಿಚ್ಚಿ ನೀರಿನ ತೊಟ್ಟಿಗೆ ಇಳಿಸಬೇಕು. ಕಾಂಕ್ರೀಟು ‘ಒಣಗಿ’ ಗಟ್ಟಿಯಾಗುತ್ತದೆಂದು ನಾವು ಆಡುಮಾತಿನಲ್ಲಿ ಹೇಳುತ್ತೇವಲ್ಲ, ಅದು ಸರಿಯಲ್ಲ. ಸಿಮೆಂಟು ನೀರಿನೊಡನೆ ರಾಸಾಯನಿಕವಾಗಿ ಕೂಡಿ ಗಟ್ಟಿಯಾಗುತ್ತದೆ. ಈ ಕ್ರಿಯೆ ನಿಧಾನವಾದದ್ದು. ಅದರ ಬಲವನ್ನು 28ನೇ ದಿನ ಅಳೆಯುವುದು ವಾಡಿಕೆ. ಹಾರುಬೂದಿ ಇನ್ನೂ ನಿಧಾನ, ಅದಕ್ಕಾಗಿ 90ನೇ ದಿನವೂ ಅಳೆಯಬೇಕು. ಐದು ಬಗೆಯ ಮಿಶ್ರಣ, 7, 28 ಮತ್ತು 90ನೇ ದಿನದ ಪರೀಕ್ಷೆ, ಪ್ರತಿಯೊಂದಕ್ಕೂ ಮೂರು ಘನ. ಒಟ್ಟು 45 ಆಯಿತು. ಒಂದೊಂದೂ ಸುಮಾರು 8 ಕಿಲೋ, ಅಂದರೆ 360 ಕಿಲೋ ಕಾಂಕ್ರೀಟನ್ನು ಕಲಸಿ, ಹೊತ್ತು, ನೀರಿಗಿಳಿಸಿ, ಮತ್ತೆ ಎತ್ತಬೇಕು. ನಡುವೆ ನೀರಿನ ಅಳತೆ ಸ್ವಲ್ಪ ತಪ್ಪಿದೆಯೆಂದು ಗೊತ್ತಾದರೆ ಆ ಮಿಶ್ರಣವನ್ನು ಎಸೆದು ಮತ್ತೆ ಮೊದಲಿನಿಂದ ಶುರು. ಮತ್ತೆ 28 ದಿನ. ಮತ್ತೆ 90 ದಿನ.

ಅವಳ ತಂದೆ ನಮ್ಮ ತಾಲ್ಲೂಕಿನಲ್ಲಿ ಚಿಕ್ಕ ಬಟ್ಟೆ ಅಂಗಡಿ ಇಟ್ಟವರು. ಒಂದು ಸಂಜೆ ನಮ್ಮ ಮನೆಗೆ ಬಂದರು.

‘ಮೇಷ್ಟ್ರೇ, ಅವಳು ನಿಮ್ಮ ಮಾತು ಕೇಳ್ತಾಳೆ. ಇದನ್ನ ಬಿಟ್ಟು ಒಂದು ಕೆಲಸ ಹಿಡಿಯಮ್ಮಾ ಅಂತ ನೀವು ಹೇಳಿ. ಗಂಡಿನ ಕಡೆಯೋರು ಓದು ಇನ್ನೆಷ್ಟು ವರ್ಷ ಅಂತ ಕೇಳಿದ್ರು. ಏನು ಹೇಳ್ಲಿ? ನನಗೇ ಗೊತ್ತಿಲ್ಲ.’

‘ಹೇಳೋಣ ಯಜಮಾನ್ರೇ. ಅದಕ್ಕೆ ಮೊದಲು ಇಬ್ಬರೂ ಹೋಗಿ ಒಂದ್ಸಲ ನೋಡ್ಕೊಂಡು ಬರೋಣ’ ಎಂದೆ.

ಹೋದೆವು. ಅವರ ಕಣ್ಣು ಮೊದಲು ಬಿದ್ದದ್ದು ಮಗಳ ಕೈಗಳ ಮೇಲೆ. ಹಸಿ ಸಿಮೆಂಟು ಪ್ರಬಲ ಕ್ಷಾರ, ಚರ್ಮವನ್ನು ಸುಡುತ್ತದೆ. ಗ್ಲೌಸು ಹಾಕಿದರೂ ಬೆರಳ ತುದಿಗಳು ಒರಟಾಗಿದ್ದವು. ‘ಇದೇನಮ್ಮಾ, ಗಾರೆ ಕೆಲಸದೋರ ಕೈ ಆದಂಗಾಗಿದೆ’ ಎಂದರು. ಅವಳು ನಕ್ಕಳು. ಅಂದು 28ನೇ ದಿನದ ಪರೀಕ್ಷೆಯಿತ್ತು. ಘನವನ್ನು ಯಂತ್ರದ ಎರಡು ಫಲಕಗಳ ನಡುವೆ ಇಟ್ಟು ಗುಂಡಿ ಒತ್ತಿದಳು. ಮುಳ್ಳು ನಿಧಾನವಾಗಿ ಏರಿತು. ಎರಡು ನಿಮಿಷವೂ ಆಗಿರಲಿಲ್ಲ, ಸುಮಾರು 50 ಟನ್ನಿಗೆ ಘನ ಸದ್ದು ಮಾಡಿ ಬಿರುಕು ಬಿಟ್ಟಿತು. ಲೋಡು ತುಂಬಿದ ಮೂರು ಲಾರಿಗಳನ್ನು ಅದರ ಮೇಲೆ ಪೇರಿಸಿದಂತೆ!

ಅವಳು ಲೆಕ್ಕ ಹಾಕಿ, ಪುಸ್ತಕದಲ್ಲಿ 22 ಎಂದು ಬರೆದಳು. ಅವಳು ನಿರೀಕ್ಷಿಸಿದ್ದು 30. ಮಗಳ ಮುಖ ನೋಡಿ ಅಪ್ಪನಿಗೆ ತಿಳಿಯಿತು. ‘ತಪ್ಪಾಯ್ತೇನಮ್ಮಾ?’ ಎಂದು ಕೇಳಿದರು.

‘ತಪ್ಪಲ್ಲಪ್ಪಾ. ಬಂದಿದ್ದೇ ಇಷ್ಟು. ಈ ಮಿಶ್ರಣದಲ್ಲಿ ಬೂದಿ ಜಾಸ್ತಿ. 90 ದಿನಕ್ಕೆ ಏರುತ್ತಾ ಅಂತ ನೋಡ್ಬೇಕು.’

ಬಸ್ಸಿನಲ್ಲಿ ಅವರು ಬಹಳ ಹೊತ್ತು ಮಾತಾಡಲಿಲ್ಲ. ಊರು ಹತ್ತಿರ ಬಂದಾಗ, ‘ಇನ್ನೂ ಎರಡು ವರ್ಷ ಅಂತ ಹೇಳ್ತೀನಿ ಮೇಷ್ಟ್ರೇ. ಕಾಯೋದಾದ್ರೆ ಕಾಯ್ಲಿ’ ಎಂದರು. ಗಂಡಿನ ಕಡೆಯವರು ಕಾಯಲಿಲ್ಲ. ಆ ಸಂಬಂಧ ತಪ್ಪಿಹೋಯಿತು. ಮನೆಯಲ್ಲಿ ಅವಳ ತಾಯಿ ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲವಂತೆ. ಮಗಳ ಓದು ಮುಂದುವರಿಯಿತು.

ಕಂಪ್ಯೂಟರಿನಲ್ಲಿ ಸಂಶೋಧನೆ ಮಾಡುವವರಿಗೆ ಈ ಕಾಯುವಿಕೆ ಇಲ್ಲವೆಂದು ಭಾವಿಸಬೇಡಿ. ವಿಮಾನದ ರೆಕ್ಕೆಯ ಸುತ್ತ ಗಾಳಿ ಹರಿಯುವುದನ್ನು ಲೆಕ್ಕ ಹಾಕಲು ಆ ಜಾಗವನ್ನು ಚಿಕ್ಕ ಚಿಕ್ಕ ಚೌಕಗಳಾಗಿ ಒಡೆಯುತ್ತಾರೆ. ಚೌಕದ ಅಳತೆಯನ್ನು ಮೂರೂ ದಿಕ್ಕಿನಲ್ಲಿ ಅರ್ಧ ಮಾಡಿದರೆ ಚೌಕಗಳ ಸಂಖ್ಯೆ 8 ಪಟ್ಟಾಗುತ್ತದೆ. ಸಾಮಾನ್ಯವಾಗಿ ಕಾಲದ ಹೆಜ್ಜೆಯನ್ನೂ ಅರ್ಧ ಮಾಡಬೇಕಾಗುವುದರಿಂದ ಲೆಕ್ಕ 16 ಪಟ್ಟು. ನಿನ್ನೆ ಒಂದು ದಿನದಲ್ಲಿ ಮುಗಿದದ್ದಕ್ಕೆ ಇಂದು ಎರಡು ವಾರಕ್ಕೂ ಹೆಚ್ಚು ಬೇಕು. ಹದಿಮೂರನೇ ದಿನ ಕರೆಂಟು ಹೋದರೆ ಏನಾಗುತ್ತದೆಂದು ಒಬ್ಬ ಹುಡುಗನನ್ನು ಕೇಳಿದೆ. ‘ಮೆಸ್ಸಿಗೆ ಹೋಗಿ ಟೀ ಕುಡೀತೀವಿ ಸಾರ್’ ಎಂದ.

ಹಣದ ಮಾತು. ಗೇಟ್ ಮೂಲಕ ಸೇರಿದ ಎಂ.ಟೆಕ್. ವಿದ್ಯಾರ್ಥಿಗೆ ತಿಂಗಳಿಗೆ 12,400 ರೂಪಾಯಿ ಎಂದು 2010ರ ದಶಕದಲ್ಲಿ ನಿಗದಿಯಾಯಿತು. ಬೆಲೆಗಳು ಅಲ್ಲಿಗೇ ನಿಂತಿಲ್ಲ. ಕೇಂದ್ರ ಸರ್ಕಾರದ ಫೆಲೋಷಿಪ್ ಪಡೆಯುವ ಪಿಎಚ್.ಡಿ. ವಿದ್ಯಾರ್ಥಿಗಳಿಗೆ 2023ರ ಜನವರಿಯಿಂದ ಮೊದಲ ಎರಡು ವರ್ಷ 37,000, ಬಳಿಕ 42,000 ರೂಪಾಯಿ ಎಂದಾಯಿತು. ಸಾಫ್ಟ್‌ವೇರ್ ಕಂಪನಿಗೆ ಸೇರಿದ ಸಹಪಾಠಿಯ ಸಂಬಳದೊಡನೆ ಹೋಲಿಸುತ್ತ ಕೂತರೆ ನೆಮ್ಮದಿಯಿಲ್ಲ. ಎಲ್ಲ ಕಾಲೇಜುಗಳಲ್ಲೂ ಈ ಹಣ ಸಿಗುತ್ತದೆಂದು ನಂಬುವಂತೆಯೂ ಇಲ್ಲ. ಸೇರುವ ಮೊದಲೇ ವಿಚಾರಿಸಬೇಕು. ಎಷ್ಟು ಎಂದಷ್ಟೇ ಅಲ್ಲ, ತಿಂಗಳು ತಿಂಗಳೂ ಸರಿಯಾಗಿ ಬರುತ್ತದೆಯೇ ಎಂದೂ ಕೇಳಬೇಕು.

ಇನ್ನು ಒಂಟಿತನ. ಬಿ.ಇ.ಯಲ್ಲಿ ಅರವತ್ತು ಜನ ಒಟ್ಟಿಗೆ ಪಾಸಾಗುತ್ತಾರೆ, ಒಟ್ಟಿಗೆ ಫೇಲೂ ಆಗುತ್ತಾರೆ! ಪಿಎಚ್.ಡಿ.ಯಲ್ಲಿ ಒಬ್ಬೊಬ್ಬರ ಪ್ರಶ್ನೆ ಒಂದೊಂದು, ಸೋಲುವಾಗ ಜೊತೆಗೆ ಯಾರೂ ಇರುವುದಿಲ್ಲ. ಭಾನುವಾರದ ಫೋನಿನಲ್ಲಿ ‘ಯಾವಾಗ ಮುಗಿಯುತ್ತೆ?’ ಎಂಬ ಪ್ರಶ್ನೆ ಅವರಿಗೆ ಬಹಳ ನೋಯುತ್ತದೆ. ‘ಊಟ ಆಯ್ತಾ?’ ಎಂದರೆ ಸಾಕು ಎಂದು ಒಬ್ಬ ಹೇಳಿದ. ನಿದ್ರೆ ಬರುವುದಿಲ್ಲ, ಲ್ಯಾಬಿಗೆ ಹೋಗಲು ಮನಸ್ಸಿಲ್ಲ ಎಂದು ಮಕ್ಕಳು ಹೇಳಿದರೆ ಅದನ್ನು ಸೋಮಾರಿತನವೆಂದು ತಳ್ಳಿಹಾಕಬಾರದು. ದೊಡ್ಡ ಸಂಸ್ಥೆಗಳಲ್ಲಿ ಆಪ್ತಸಮಾಲೋಚಕರು ಇರುತ್ತಾರೆ, ಅವರ ಬಳಿ ಕಳಿಸಲು ಸಂಕೋಚ ಬೇಡ.

ಈ ದಾರಿ ಹಿಡಿಯಬೇಕೆನ್ನುವವರು ಮೊದಲು ಗೇಟ್ ಬರೆಯಬೇಕು. ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಏಳು ಐ.ಐ.ಟಿ.ಗಳು ಸೇರಿ ನಡೆಸುವ ಮೂರು ಗಂಟೆಯ, 100 ಅಂಕಗಳ ಪರೀಕ್ಷೆ ಅದು, ಸಾಮಾನ್ಯವಾಗಿ ಫೆಬ್ರುವರಿಯಲ್ಲಿ ನಡೆಯುತ್ತದೆ. ಬಿ.ಇ. ಮೂರನೇ ವರ್ಷದಲ್ಲಿರುವಾಗಲೇ ಬರೆಯಬಹುದು, ಸ್ಕೋರು ಮೂರು ವರ್ಷ ಊರ್ಜಿತ. ಗೈಡ್ ಆರಿಸುವಾಗ ಮಾತ್ರ ಅವರ ಹೆಸರಿನ ಮುಂದಿರುವ ಬಿರುದುಗಳನ್ನು ನೋಡಿ ಮರುಳಾಗಬೇಡಿ. ಆ ಲ್ಯಾಬಿನ ಹಿರಿಯ ವಿದ್ಯಾರ್ಥಿಗಳನ್ನು ಕ್ಯಾಂಟೀನಿಗೆ ಕರೆದೊಯ್ದು, ಇವರ ಕೈಕೆಳಗೆ ಸೇರಿದವರಲ್ಲಿ ಎಷ್ಟು ಜನ ಮುಗಿಸಿದರು, ಎಷ್ಟು ವರ್ಷ ಹಿಡಿಯಿತು, ಮಧ್ಯೆ ಬಿಟ್ಟುಹೋದವರು ಏಕೆ ಬಿಟ್ಟರು ಎಂದು ಕೇಳಿ. ಟೀಯ ಹಣ ನೀವೇ ಕೊಡಿ.