ಯಾನಕ: ಕಾಲ್ನಡಿಗೆಗೆ ದಕ್ಕುವ ಟೋಕಿಯೊ

ಟೋಕಿಯೊ ನಡುಭಾಗವನ್ನು ಬಳಸಿಕೊಂಡು ಓಡುವ ಯಾಮಾನೊತೆ ರೈಲು ಮಾರ್ಗದಲ್ಲಿ ನಿಪ್ಪೊರಿ ಎಂಬ ನಿಲ್ದಾಣವಿದೆ. ಅದರ ಪೂರ್ವ ದ್ವಾರದಲ್ಲಿ ಹೊರಬಿದ್ದರೆ ಬಹುಮಹಡಿ ಕಟ್ಟಡಗಳು, ಅವುಗಳಾಚೆ ಬಟ್ಟೆ ಅಂಗಡಿಗಳ ಉದ್ದನೆಯ ಬೀದಿ. ಪಶ್ಚಿಮ ದ್ವಾರದಲ್ಲಿ ಹೊರಬಿದ್ದರೆ ಒಂದು ಏರುದಾರಿ, ಎಡಗಡೆ ಸ್ಮಶಾನ, ಬಲಗಡೆ ಬೌದ್ಧ ದೇವಾಲಯಗಳು. ಅವುಗಳಲ್ಲೊಂದಾದ ಕ್ಯೋಒಜಿಯ ಮರದ ಹೆಬ್ಬಾಗಿಲಲ್ಲಿ 1868ರ ಅಂತರ್ಯುದ್ಧದ ಉಯೆನೊ ಕದನದ ಗುಂಡುಗಳು ಕೊರೆದ ತೂತುಗಳು ಹಾಗೇ ಉಳಿದಿವೆ. ಅದೇ ಬಾಗಿಲ ಮುಂದೆ ಶಾಲೆ ಬಿಟ್ಟ ಮಕ್ಕಳು, ಸೊಪ್ಪಿನ ಚೀಲ ಹಿಡಿದ ಅಜ್ಜಿಯರು ದಿನವೂ ಹಾದುಹೋಗುತ್ತಾರೆ.

ಈ ಏರಿನ ಆಚೆಗಿರುವುದೇ ಯಾನಕ. ಪಕ್ಕದ ನೆಜು, ಸೆಂದಗಿಗಳನ್ನೂ ಕೂಡಿಸಿ ಇಡೀ ಸೀಮೆಯನ್ನು ಯಾನೆಸೆನ್ ಎನ್ನುವುದು ರೂಢಿ. ಪ್ರವಾಸಿಗರು 'ಹಳೆಯ ಟೋಕಿಯೊ' ನೋಡಲೆಂದು ಇಲ್ಲಿಗೆ ಬರುತ್ತಾರೆ. ಆದರೆ ಈ ಊರಿನ ಬೀದಿಗಳಲ್ಲಿ ತರಕಾರಿ ಕೊಂಡು, ಸಂಜೆ ಅಡ್ಡಾಡಿ ಬಳಕೆಯಾದವರಿಗೆ ಬೇರೊಂದು ಸಂಗತಿ ಗೊತ್ತಾಗುತ್ತದೆ. ಇಲ್ಲಿ ಹಳೆಯದು ಬಾಳುತ್ತಿರುವುದು ಅದು ಇನ್ನೂ ದಿನದ ಕೆಲಸಕ್ಕೆ ಒದಗುತ್ತಿರುವುದರಿಂದ.

ಬೆಂಕಿ ತಂದ ಊರು

1657ರ ಮಹಾ ಅಗ್ನಿ ಅನಾಹುತದಲ್ಲಿ ಎದೊ ನಗರದ, ಅಂದರೆ ಅಂದಿನ ಟೋಕಿಯೊದ, ಬಹುಪಾಲು ಸುಟ್ಟುಹೋಯಿತು. ಆಮೇಲೆ ನಗರದ ನಡುವಿನ ದೇವಾಲಯಗಳನ್ನು ಅಂಚಿನ ಪ್ರದೇಶಗಳಿಗೆ ಸಾಗಿಸಿದರು. ಹಾಗೆ ಹಲವು ದೇವಾಲಯಗಳು ಯಾನಕದ ದಿಣ್ಣೆ ಹತ್ತಿದವು. ಇಂದಿಗೂ ಇಲ್ಲಿ ಸುಮಾರು 70 ದೇವಾಲಯಗಳಿವೆ. 1923ರ ಭೂಕಂಪದ ಬೆಂಕಿಯಾಗಲಿ, 1945ರ ಬಾಂಬ್ ದಾಳಿಯಾಗಲಿ ಉಳಿದ ಟೋಕಿಯೊವನ್ನು ಬೂದಿ ಮಾಡಿದಷ್ಟು ಈ ದಿಣ್ಣೆಯನ್ನು ಮಾಡಲಿಲ್ಲ.

ಯುದ್ಧಾನಂತರದ ಕಟ್ಟಡಗಳ ಭರಾಟೆ ಇಲ್ಲಿ ಮಂದವಾದದ್ದಕ್ಕೆ ಕಾರಣಗಳಿವೆ. ಬಹಳಷ್ಟು ನೆಲ ದೇವಾಲಯಗಳದ್ದು. ಇನ್ನು ಓಣಿಗಳೋ ತೀರಾ ಕಿರಿದು. ಜಪಾನಿನ 1950ರ ಕಟ್ಟಡ ಕಾಯ್ದೆಯ ಪ್ರಕಾರ 4 ಮೀಟರಿಗಿಂತ ಕಿರಿದಾದ ಓಣಿಯಲ್ಲಿ ಮನೆ ಕೆಡವಿ ಕಟ್ಟುವವರು ಓಣಿಯ ನಡುಗೆರೆಯಿಂದ 2 ಮೀಟರ್ ಜಾಗ ಬಿಡಬೇಕು. ಅಂಗೈಯಗಲದ ನಿವೇಶನದಲ್ಲಿ ಅಷ್ಟು ಬಿಟ್ಟರೆ ಮನೆಗೆ ಉಳಿಯುವುದೇನು? ಹೀಗಾಗಿ ಹಳೆಯ ಮನೆಗೇ ತೇಪೆ ಹಾಕಿಕೊಂಡು ಬದುಕಿದವರು ಹಲವರು. ಕನ್ನೋಂಜಿ ದೇವಾಲಯದ ಪಕ್ಕದ ಓಣಿಯಲ್ಲಿ ಮಣ್ಣು ಮತ್ತು ಹಂಚುಗಳನ್ನು ಪದರ ಪದರವಾಗಿ ಪೇರಿಸಿದ ಗೋಡೆಯೊಂದಿದೆ. ಎರಡು ಶತಮಾನ ಕಂಡ ಆ ಗೋಡೆಗೆ ಒರಗಿಸಿದಂತೆ ಯಾರದೋ ಸೈಕಲ್ಲು ಸದಾ ನಿಂತಿರುತ್ತದೆ.

ಸಂಜೆಯ ಸಾಮಾನು

ನಿಲ್ದಾಣದಿಂದ ಐದು ನಿಮಿಷ ನಡೆದರೆ ಯೂಯಾಕೆ ದಾಂದಾನ್ ಎಂಬ 36 ಮೆಟ್ಟಿಲುಗಳು. ಇಳಿದರೆ ಯಾನಕ ಗಿಂಜಾ. ಹೆಸರಲ್ಲಿ ಗಿಂಜಾ ಇದ್ದರೂ ಟೋಕಿಯೊದ ಆ ಶ್ರೀಮಂತ ಪೇಟೆಗೂ ಇದಕ್ಕೂ ಹೋಲಿಕೆಯಿಲ್ಲ. ಸುಮಾರು 170 ಮೀಟರ್ ಉದ್ದದ ಬೀದಿಯಲ್ಲಿ 60ರಷ್ಟು ಅಂಗಡಿಗಳು: ಮೀನು, ಮಾಂಸ, ಚಹಾ ಪುಡಿ, ಉಪ್ಪಿನಕಾಯಿ, ಚಪ್ಪಲಿ, ಪಿಂಗಾಣಿ. ತಲೆಯೆತ್ತಿ ನೋಡಿದರೆ ಮಾಡಿನ ಮೇಲೆ ಅಲ್ಲಲ್ಲಿ ಮರದಲ್ಲಿ ಕೆತ್ತಿದ ಬೆಕ್ಕುಗಳು, ಒಟ್ಟು ಏಳು. ಯಾನಕ ಬೀದಿ ಬೆಕ್ಕುಗಳಿಗೆ ಹೆಸರಾದ ಊರು.

ಸಂಜೆ ನಾಲ್ಕರ ಹೊತ್ತಿಗೆ ಮಾಂಸದಂಗಡಿಗಳ ಮುಂದೆ ಸಾಲು ಬೆಳೆಯುತ್ತದೆ. ಕೊಚ್ಚಿದ ಮಾಂಸಕ್ಕೆ ಈರುಳ್ಳಿ ಕಲಸಿ, ಬ್ರೆಡ್ಡಿನ ಪುಡಿಯಲ್ಲಿ ಹೊರಳಿಸಿ ಕರಿದ ಮೆಂಚಿ ಕಾತ್ಸು ಇಲ್ಲಿನ ಜನಪ್ರಿಯ ತಿನಿಸು. ಹೆಚ್ಚಾಗಿ ಅದು ದನದ ಮಾಂಸದ್ದು. ತಿನ್ನದವರು ಕೇಳಿ ಕೊಳ್ಳಬೇಕು. ಸಸ್ಯಾಹಾರಿಗಳ ಕಾಲು ತೋಫು ಅಂಗಡಿಯತ್ತ ತಿರುಗುತ್ತದೆ. ನೆನೆಸಿದ ಸೋಯಾ ಕಾಳು ರುಬ್ಬಿ, ಕಾಯಿಸಿ, ಹಿಂಡಿದ ಹಾಲಿಗೆ ನಿಗಾರಿ ಬೆರೆಸುತ್ತಾರೆ. ಸಮುದ್ರದ ನೀರಿನಿಂದ ಉಪ್ಪು ತೆಗೆದ ಮೇಲೆ ಉಳಿಯುವ ಕಹಿ ದ್ರಾವಣ ಅದು. ಹೆಪ್ಪುಗಟ್ಟಿದ್ದನ್ನು ಬಟ್ಟೆ ಹಾಸಿದ ಅಚ್ಚಿನಲ್ಲಿ ಒತ್ತಿ ನೀರು ಬಸಿದರೆ ಗಟ್ಟಿಯಾದ ಮೊಮೆನ್. ಒತ್ತದೆ ಹಾಗೇ ಬಿಟ್ಟರೆ ಬಾಯಲ್ಲಿ ಕರಗುವ ಕಿನು. ತೆಳ್ಳಗೆ ಕತ್ತರಿಸಿ ಕರಿದದ್ದು ಅಬುರಾಗೆ. ಹಾಲು ಹಿಂಡಿ ಉಳಿದ ಚರಟವನ್ನೂ ಎಸೆಯುವುದಿಲ್ಲ. ಒಕಾರಾ ಎಂಬ ಹೆಸರಿನ ಅದನ್ನು ಕ್ಯಾರೆಟ್ಟು, ಅಣಬೆಗಳ ಜೊತೆ ಪಲ್ಯ ಮಾಡುತ್ತಾರೆ. ನಮ್ಮ ಒಗ್ಗರಣೆಗೂ ಅದು ಚೆನ್ನಾಗಿ ಒಗ್ಗುತ್ತದೆ. ಸಾಸಿವೆ, ಕರಿಬೇವು ಹಾಕಿ ನೋಡಿದವನ ಮಾತಿದು.

ಅಕ್ಕಿಯ ಸೆಂಬೆ ಹಪ್ಪಳಕ್ಕೆ ಸೋಯಾ ಸಾಸ್ ಸವರಿ ಸುಡುವ ಅಂಗಡಿಯ ಇರವು ವಾಸನೆಯಿಂದಲೇ ತಿಳಿಯುತ್ತದೆ. ಕೊಂಡದ್ದನ್ನು ನಡೆಯುತ್ತಾ ತಿನ್ನುವುದು ಇಲ್ಲಿ ಸಭ್ಯತೆಯಲ್ಲ. ಅಂಗಡಿಯ ಬದಿಯಲ್ಲೇ ನಿಂತೋ ಕೂತೋ ಮುಗಿಸಿ, ಕಾಗದವನ್ನು ಅಲ್ಲೇ ಹಿಂತಿರುಗಿಸಬೇಕು.

ಸಾರಿನೊಳಗಿನ ಮೀನು

ಜಪಾನಿನಲ್ಲಿ ನೆಲೆಸುವ ಸಸ್ಯಾಹಾರಿ ಮೊದಲು ಕಲಿಯಬೇಕಾದ ಪಾಠ ದಾಶಿಯದ್ದು. ಮಿಸೊ ಸಾರು, ಉದೊನ್ ಶಾವಿಗೆ, ಬೇಯಿಸಿದ ತರಕಾರಿ, ಎಲ್ಲಕ್ಕೂ ತಳಪಾಯ ಈ ತಿಳಿಗಷಾಯ. ಸಾಮಾನ್ಯವಾಗಿ ಇದರಲ್ಲಿ ಒಣಗಿಸಿ ಹೆರೆದ ಕಾತ್ಸುಒ ಮೀನು ಇರುತ್ತದೆ. ತಟ್ಟೆಯಲ್ಲಿ ಬರಿಯ ಮೂಲಂಗಿ ಕಂಡರೂ ಅದು ಮೀನಿನ ಸಾರಿನಲ್ಲಿ ಬೆಂದಿರಬಹುದು. ಕೊಂಬು ಎಂಬ ಕಡಲಸಸ್ಯದ ದಾಶಿ ನಮಗೆ ದಾರಿ. ಬೌದ್ಧ ದೇವಾಲಯಗಳ ಶೋಜಿನ್ ಅಡುಗೆ ನಿಂತಿರುವುದು ಕೊಂಬು ಮತ್ತು ಒಣ ಅಣಬೆಯ ಮೇಲೆ.

ಆ ಕೊಂಬುವಿನ ರುಚಿಯ ಗುಟ್ಟು ಬಯಲಾದದ್ದು ಇಲ್ಲಿಂದ ಕೂಗಳತೆಯಲ್ಲಿ. ನೆಜುವಿಗೆ ಅಂಟಿಕೊಂಡ ಹೊಂಗೊ ದಿಣ್ಣೆಯ ಮೇಲಿನ ಟೋಕಿಯೊ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರಜ್ಞ ಕಿಕುನಾಎ ಇಕೆದಾ 1908ರಲ್ಲಿ ಕೊಂಬುವಿನಿಂದ ಗ್ಲುಟಾಮೇಟ್ ಬೇರ್ಪಡಿಸಿ, ಆ ರುಚಿಗೆ ಉಮಾಮಿ ಎಂದು ಹೆಸರಿಟ್ಟರು. ಮರುವರ್ಷವೇ ಅದರ ಪುಡಿ ಅಜಿನೊಮೊಟೊ ಎಂಬ ಹೆಸರಿನಲ್ಲಿ ಪೇಟೆಗೆ ಬಂತು. ನಮ್ಮೂರುಗಳ ಗೋಬಿ ಮಂಚೂರಿ ಗಾಡಿಗಳವರೆಗೂ ತಲುಪಿದ ಪುಡಿಯ ತವರು ಈ ದಿಣ್ಣೆ.

ಇಕೆದಾ 1901ರಲ್ಲಿ ಲಂಡನ್ನಿನಲ್ಲಿ ಕೆಲಕಾಲ ಒಂದೇ ವಸತಿಯಲ್ಲಿದ್ದದ್ದು ಕಾದಂಬರಿಕಾರ ನತ್ಸುಮೆ ಸೊಸೆಕಿಯ ಜೊತೆ. ಸೊಸೆಕಿ ಊರಿಗೆ ಮರಳಿ ಸೆಂದಗಿಯಲ್ಲಿ ಬಾಡಿಗೆ ಮನೆ ಹಿಡಿದರು. ಬೆಕ್ಕೊಂದು ತನ್ನ ಯಜಮಾನನ ಕಥೆ ಹೇಳುವ, 1905ರಲ್ಲಿ ಪ್ರಕಟವಾಗತೊಡಗಿದ ಅವರ ಪ್ರಸಿದ್ಧ ಕಾದಂಬರಿ ಬರೆದದ್ದು ಆ ಮನೆಯಲ್ಲೇ. ಅವರಿಗಿಂತ ಮುಂಚೆ ಅದೇ ಮನೆಯಲ್ಲಿದ್ದವರು ಇನ್ನೊಬ್ಬ ದೊಡ್ಡ ಲೇಖಕ ಮೊರಿ ಓಗಾಯ್. ಮನೆಯನ್ನು ಐಚಿ ಪ್ರಾಂತ್ಯದ ಮೆಯಿಜಿ ಮುರಾ ವಸ್ತುಸಂಗ್ರಹಾಲಯಕ್ಕೆ ಒಯ್ದಿದ್ದಾರೆ. ಮನೆಯಿದ್ದ ಜಾಗದ ಗೋಡೆಯ ಮೇಲೆ ಈಗ ಬೆಕ್ಕಿನ ಶಿಲ್ಪವೊಂದು ನಡೆಯುತ್ತಿದೆ.

ಸ್ಮಶಾನದಲ್ಲಿ ವಾಯುವಿಹಾರ

ಯಾನಕದ ಜನ ಬೆಳಗಿನ ನಡಿಗೆಗೆ ಹೋಗುವುದು ಸ್ಮಶಾನಕ್ಕೆ. 1874ರಲ್ಲಿ ಸಾರ್ವಜನಿಕವಾದ ಈ ಸ್ಮಶಾನದ ನಡುದಾರಿಯ ಇಬ್ಬದಿಗೂ ಚೆರ್ರಿ ಮರಗಳಿವೆ. ಏಪ್ರಿಲ್ ಮೊದಲಲ್ಲಿ ಹೂವು ನೆತ್ತಿಯ ಮೇಲೆ ಚಪ್ಪರ ಕಟ್ಟುತ್ತದೆ. 1867ರಲ್ಲಿ ಅಧಿಕಾರ ಬಿಟ್ಟುಕೊಟ್ಟ ಕೊನೆಯ ಶೋಗನ್ (ಸೇನಾ ಆಡಳಿತಗಾರ) ತೊಕುಗಾವಾ ಯೊಶಿನೊಬು ಮಲಗಿರುವುದು ಇಲ್ಲಿ. ಆತನ ಕೈಕೆಳಗೆ ಕೆಲಸ ಮಾಡಿ, ಮುಂದೆ ಜಪಾನಿನ ಬ್ಯಾಂಕು, ಕಾರ್ಖಾನೆಗಳಿಗೆ ಅಡಿಪಾಯ ಹಾಕಿದ ಶಿಬುಸಾವಾ ಎಯಿಚಿಯ ಸಮಾಧಿಯೂ ಇಲ್ಲಿದೆ. 2024ರ ಜುಲೈಯಲ್ಲಿ ಬಂದ 10,000 ಯೆನ್ ನೋಟಿನ ಮೇಲಿರುವುದು ಇವರ ಮುಖ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ಕನಸು ಕಂಡ ಜೆಮ್‌ಷೆಟ್‌ಜಿ ಟಾಟಾ 1893ರಲ್ಲಿ ಜಪಾನಿಗೆ ಬಂದಾಗ, ಮುಂಬಯಿಯ ಹತ್ತಿ ತರಲು ಹೊಸ ಹಡಗು ಮಾರ್ಗ ಆರಂಭಿಸುವುದಕ್ಕೆ ಕೈಜೋಡಿಸಿದವರು ಇದೇ ಶಿಬುಸಾವಾ.

ನಡುದಾರಿಯ ಪಕ್ಕದಲ್ಲಿ ಬೇಲಿಯೊಳಗೆ ಬರಿಯ ಅಡಿಗಲ್ಲುಗಳು ಕಾಣುತ್ತವೆ. ತೆನ್ನೋಜಿ ದೇವಾಲಯದ ಐದು ಅಂತಸ್ತಿನ ಪಗೋಡ ನಿಂತಿದ್ದ ಜಾಗವದು. ಭೂಕಂಪಕ್ಕೂ ಯುದ್ಧಕ್ಕೂ ಜಗ್ಗದ ಗೋಪುರ, 1957ರಲ್ಲಿ ಜೋಡಿಯೊಂದು ಆತ್ಮಹತ್ಯೆಗೆಂದು ಹಚ್ಚಿದ ಬೆಂಕಿಗೆ ಬಲಿಯಾಯಿತು.

ಅದೇ ತೆನ್ನೋಜಿಯ ಸಮಾಧಿ ಕಾಯುವ ಮುದುಕನನ್ನು ಎದುರಿಗಿಟ್ಟುಕೊಂಡು ಶಿಲ್ಪಿ ಅಸಾಕುರಾ ಫುಮಿಯೊ 1910ರಲ್ಲಿ ಮಾಡಿದ ಪ್ರತಿಮೆ ಜಪಾನಿನ ಪ್ರಮುಖ ಸಾಂಸ್ಕೃತಿಕ ಸ್ವತ್ತುಗಳಲ್ಲೊಂದು. ಸ್ಮಶಾನದ ಹತ್ತಿರವೇ ಇರುವ ಅವರ ಮನೆ ಇಂದು ವಸ್ತುಸಂಗ್ರಹಾಲಯ. ಅಲ್ಲಿ ಶಿಲ್ಪಗಳಷ್ಟೇ ಚೆಂದದ್ದು ತಾರಸಿಯ ತೋಟ. ತಮ್ಮ ಶಿಷ್ಯರು ಮೂಲಂಗಿ, ಟೊಮೆಟೊ ಬೆಳೆಯುವುದನ್ನು ಅಸಾಕುರಾ ಪಾಠದ ಭಾಗವನ್ನಾಗಿ ಮಾಡಿದ್ದರು. ಗಿಡದ ಬೆಳವಣಿಗೆ ಬಲ್ಲವನಿಗೇ ಆಕಾರ ಒಲಿಯುತ್ತದೆ ಎಂಬುದು ಅದರ ಹಿಂದಿನ ನಂಬಿಕೆ.

ಹೊಳೆಯ ಮೇಲೆ ದಾರಿ

ಯಾನಕದಿಂದ ನೆಜುವಿಗೆ ಹೋಗಲು ನೇರ ರಸ್ತೆಗಳಿವೆ. ಆದರೆ ನಡೆಯುವ ಸುಖವಿರುವುದು ಹೆಬಿಮಿಚಿಯಲ್ಲಿ. ಹಿಂದೆ ಇಲ್ಲಿ ಹರಿಯುತ್ತಿದ್ದ ಐಜೊಮೆ ಹೊಳೆಯನ್ನು ಕಳೆದ ಶತಮಾನದ ಮೊದಲ ಭಾಗದಲ್ಲಿ ಮುಚ್ಚಿ ದಾರಿ ಮಾಡಿದರು. ಹೊಳೆ ಬಳುಕಿದಂತೆ ದಾರಿಯೂ ಹಾವಿನ ಹಾಗೆ ಬಳುಕುತ್ತದೆ. ಅದರ ಒಂದು ಬದಿ ತೈತೊ ವಾರ್ಡು, ಇನ್ನೊಂದು ಬದಿ ಬುಂಕ್ಯೊ ವಾರ್ಡು. ದಾರಿಯುದ್ದಕ್ಕೂ ಮನೆ ಮುಂದೆ ಕುಂಡಗಳ ಸಾಲು. ಅಂಗಳವಿಲ್ಲದವರ ತೋಟಗಾರಿಕೆ ಅದು. ಕುಂಡಕ್ಕೆ ಇಲ್ಲಿ ಬೇರೆಯೇ ಗೌರವವಿದೆ. ಯಾನಕದ ದಿಣ್ಣೆಯ ಮೇಲೆ ದಾರಿ ಕವಲೊಡೆಯುವಲ್ಲಿ, ಹಳೆಯ ಬ್ರೆಡ್ ಅಂಗಡಿಯ ತಲೆಯ ಮೇಲೆ ಹರಡಿ ನಿಂತ ಬೃಹತ್ ಮರ ಹಿಮಾಲಯದ ದೇವದಾರು. ಅಂಗಡಿಯ ಹಿರಿಯರು ಹಿಂದೊಮ್ಮೆ ಕುಂಡದಲ್ಲಿ ಬೆಳೆಸಿದ ಸಸಿಯೇ ಇಷ್ಟಾಗಿದೆ.

ನೆಜುವಿನಲ್ಲಿ 1706ರಲ್ಲಿ ಕಟ್ಟಿದ ಶಿಂಟೊ ಗುಡಿಯಿದೆ. ಏಪ್ರಿಲ್‌ನಲ್ಲಿ ಅದರ ಇಳಿಜಾರಿನ ಸುಮಾರು 3,000 ಅಜೇಲಿಯಾ ಪೊದೆಗಳು ಅರಳುತ್ತವೆ. ಗುಡಿ ನೋಡಿ ಹೊರಬಂದವರಿಗೆ ತೈಯಾಕಿ ಕಾದಿರುತ್ತದೆ: ಮೀನಿನ ಆಕಾರದ ಕಬ್ಬಿಣದ ಅಚ್ಚಿನಲ್ಲಿ ಗೋಧಿ ಹಿಟ್ಟು ಸುರಿದು, ನಡುವೆ ಅಜುಕಿ ಕಾಳಿನ ಸಿಹಿ ಹೂರಣ ತುಂಬಿ ಸುಡುವ ತಿನಿಸು. ಮೀನೆಂಬುದು ಆಕಾರಕ್ಕಷ್ಟೆ. ಒಂದು ತುಂಡು ಬಾಯಿಗಿಟ್ಟರೆ ಯುಗಾದಿಯ ಹೋಳಿಗೆ ನೆನಪಾಗದೆ ಇರದು.

ಏಳು ದೇವರ ಸುತ್ತು

ಜನವರಿಯ ಮೊದಲ ಹತ್ತು ದಿನ ಇಲ್ಲಿ ಇನ್ನೊಂದು ಬಗೆಯ ನಡಿಗೆ. ಏಳು ಭಾಗ್ಯದೇವತೆಗಳಿರುವ ಏಳು ದೇವಾಲಯಗಳನ್ನು ತಬಾತಾದಿಂದ ಉಯೆನೊದ ಶಿನೊಬಜು ಕೊಳದವರೆಗೆ ನಡೆದು ಮುಗಿಸಿ, ಪ್ರತಿಯೊಂದರಲ್ಲೂ ಮುದ್ರೆ ಒತ್ತಿಸಿಕೊಳ್ಳುತ್ತಾರೆ. ಏಳರಲ್ಲಿ ಮೂವರು ನಮ್ಮವರೇ. ತೆನ್ನೋಜಿಯ ಬಿಶಾಮೊಂತೆನ್ ಅಂದರೆ ವೈಶ್ರವಣ, ನಮ್ಮ ಕುಬೇರ. ಗೊಕೊಕುಯಿನ್‌ನ ದೈಕೊಕುತೆನ್ ಮೂಲದಲ್ಲಿ ಮಹಾಕಾಲ. ಇಲ್ಲಿ ಅಕ್ಕಿ ಮೂಟೆಯ ಮೇಲೆ ನಿಂತ ನಗುಮೊಗದ ದೇವರು. ಕೊಳದ ನಡುವಿನ ಬೆಂಜೈತೆನ್ ನಮ್ಮ ಸರಸ್ವತಿ. ವೀಣೆಯ ಬದಲು ಆಕೆಯ ಕೈಗೆ ಬಿವಾ ಎಂಬ ತಂತಿವಾದ್ಯ ಬಂದಿದೆ.

ಉಳಿಸಿದವರು

ಅದೃಷ್ಟದಿಂದ ಉಳಿದದ್ದನ್ನು ಜತನ ಮಾಡಿದವರು ಊರಿನವರು. 1984ರಲ್ಲಿ ಮೊರಿ ಮಯುಮಿ ಮತ್ತು ಅವರಂತೆಯೇ ಇಲ್ಲಿ ಮಕ್ಕಳನ್ನು ಬೆಳೆಸುತ್ತಿದ್ದ ಗೆಳತಿಯರು ಯಾನೆಸೆನ್ ಎಂಬ ಪುಟ್ಟ ಪತ್ರಿಕೆ ಆರಂಭಿಸಿದರು. ಮುದುಕರ ನೆನಪು, ತೋಫು ಅಂಗಡಿಯ ಕಥೆ, ಮುಚ್ಚಿದ ಹೊಳೆಯ ಜಾಡು, ಎಲ್ಲವನ್ನೂ ಬರೆದಿಟ್ಟರು. 2009ರವರೆಗೆ ನಡೆದ ಆ ಪತ್ರಿಕೆಯೇ ಈ ಸೀಮೆಗೆ ಹೆಸರೊಂದನ್ನು ಊರಿಸಿತು.

ಕಟ್ಟಡಗಳೂ ಹಾಗೆಯೇ ಬದುಕಿದವು. ಸೆಂತೊ ಎಂಬ ಸಾರ್ವಜನಿಕ ಸ್ನಾನಗೃಹವೊಂದು 1993ರಲ್ಲಿ ಸಮಕಾಲೀನ ಕಲಾ ಗ್ಯಾಲರಿಯಾಯಿತು; ಹೊಗೆ ಕೊಳವೆ ಹಾಗೇ ಇದೆ. 1938ರಲ್ಲಿ ಶುರುವಾದ ಕಾಯಾಬಾ ಕಾಫಿ ಮಾಲಕಿಯ ನಿಧನದ ನಂತರ ಮುಚ್ಚಿ, 2009ರಲ್ಲಿ ಹೊಸಬರ ಕೈಯಲ್ಲಿ ಮತ್ತೆ ತೆರೆಯಿತು. 1955ರ ಹಗಿಸೊ ಎಂಬ ಮರದ ವಠಾರವನ್ನು 2011ರ ಭೂಕಂಪದ ನಂತರ ಕೆಡವಲು ತೀರ್ಮಾನವಾಗಿತ್ತು. ಅಲ್ಲಿದ್ದ ಯುವ ಕಲಾವಿದರು ವಿದಾಯಕ್ಕೆಂದು ಇಡೀ ಮನೆಯಲ್ಲಿ ಪ್ರದರ್ಶನ ಮಾಡಿದರು. ಜನ ಮುಗಿಬಿದ್ದು ನೋಡಿದರು, ಮಾಲೀಕರ ಮನಸ್ಸು ಬದಲಾಯಿತು. ಇಂದು ಅದು ಕೆಫೆ, ಜೊತೆಗೆ ಹೋಟೆಲೊಂದರ ಸ್ವಾಗತ ಕಟ್ಟೆ. ಮಲಗುವುದು ಪಕ್ಕದ ಓಣಿಯ ಹಳೆ ಮನೆಯಲ್ಲಿ, ಸ್ನಾನ ಊರಿನ ಸೆಂತೊದಲ್ಲಿ, ಊಟ ಊರಿನ ಅಂಗಡಿಗಳಲ್ಲಿ. ಊರನ್ನೇ ಹೋಟೆಲಾಗಿಸಿದ ಜಾಣತನವಿದು.

ಆದರೂ ಯಾನಕಕ್ಕೆ ಅಪಾಯವಿಲ್ಲದಿಲ್ಲ. ಪ್ರವಾಸಿಗರು ಹೆಚ್ಚಿದಷ್ಟೂ ದಿನಸಿ ಮಾರುವುದಕ್ಕಿಂತ ಬೆಕ್ಕಿನ ಚಿತ್ರದ ಕೀಚೈನ್ ಮಾರುವುದು ಲಾಭದಾಯಕ. ತೋಫು ಅಂಗಡಿ ಮುಚ್ಚಿ ಸ್ಮರಣಿಕೆಯ ಅಂಗಡಿ ತೆರೆದ ದಿನ, ಮಾಡು ಹಳೆಯದಾಗಿದ್ದರೂ ಊರು ಹಳೆಯದಾಗಿ ಉಳಿಯುವುದಿಲ್ಲ. ಹೋಗುವ ಕನ್ನಡಿಗರಲ್ಲಿ ಕೇಳಿಕೊಳ್ಳುವುದಿಷ್ಟೆ: ಬರಿಯ ಫೋಟೊ ತೆಗೆದುಕೊಂಡು ಮರಳಬೇಡಿ, ಅಲ್ಲಿನವರು ತಿನ್ನುವುದನ್ನೇ ಏನಾದರೂ ಕೊಂಡು ತಿನ್ನಿ.

ಹೋಗುವವರಿಗೆ

ನರಿತಾ ವಿಮಾನ ನಿಲ್ದಾಣದಿಂದ ನಿಪ್ಪೊರಿಗೆ ಕೆಯಿಸೆ ಸ್ಕೈಲೈನರ್ ರೈಲಿನಲ್ಲಿ ಸುಮಾರು 40 ನಿಮಿಷ. ನೆಜು ಕಡೆಯಿಂದ ಶುರುಮಾಡುವವರಿಗೆ ಚಿಯೊದಾ ಮಾರ್ಗದ ಮೆಟ್ರೊ ಇದೆ. ಅರ್ಧ ದಿನ ಸಾಕು, ಕಾಲಿಗೆ ಒಳ್ಳೆಯ ಚಪ್ಪಲಿಯಿರಲಿ. ಸೆಂತೊ ಸ್ನಾನಕ್ಕೆ 2024ರ ದರ 550 ಯೆನ್. ಚಿಲ್ಲರೆ ಹಣ ಕೈಯಲ್ಲಿರಲಿ. ಬೀದಿಯಲ್ಲಿ ಕಸದ ಬುಟ್ಟಿ ಸಿಗುವುದು ಅಪರೂಪ, ಚೀಲವೊಂದು ಜೊತೆಗಿರಲಿ. ಅಸಾಕುರಾ ವಸ್ತುಸಂಗ್ರಹಾಲಯಕ್ಕೆ ಸೋಮವಾರ ಮತ್ತು ಗುರುವಾರ ರಜೆ. ಯಾನಕ ಗಿಂಜಾದ ಹಲವು ಅಂಗಡಿಗಳೂ ಸೋಮವಾರ ಬಾಗಿಲು ತೆರೆಯುವುದಿಲ್ಲ.